ಸ್ಕಾಟ್ ವಲಸಿಗರ ಊರುಗಳಲ್ಲಿ ಚರ್ಚ್ ಏನೇನು ಮಾಡುತ್ತಿತ್ತು?

ಪ್ರಶ್ನೆ
ಕೆನಡಾದ ನೋವಾ ಸ್ಕೋಷಿಯಾ, ನ್ಯೂಜಿಲೆಂಡಿನ ಒಟಾಗೊಗಳಲ್ಲಿ ನೆಲೆಸಿದ ಸ್ಕಾಟ್ ಜನರ ಬಗ್ಗೆ ಓದುತ್ತಿದ್ದೇನೆ. ಎಲ್ಲರೂ ‘ಚರ್ಚೇ ಕೇಂದ್ರ’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಭಾನುವಾರದ ಆರಾಧನೆ ಬಿಟ್ಟರೆ ಅಲ್ಲಿ ನಡೆಯುತ್ತಿದ್ದುದೇನು? ಒಂದು ಕುಟುಂಬವನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಉತ್ತರ 1
‘ಕರ್ಕ್ ಸೆಷನ್’ನಿಂದ ಶುರು ಮಾಡಿ. ಸಭಾಪಾಲಕರೂ (ಪಾದ್ರಿ) ಸಭಾಹಿರಿಯರೂ ಕೂತು ನಡೆಸುವ ಮಂಡಳಿ ಅದು. ಕುಡಿತ, ಅಕ್ರಮ ಸಂಬಂಧ, ನೆರೆಯವರ ಜಗಳ ಎಲ್ಲ ಅಲ್ಲಿಗೇ ಬರುತ್ತಿದ್ದವು. ಬಡವರಿಗೆ ನೆರವೂ ಅಲ್ಲಿಂದಲೇ. ಊರು ಬಿಡುವವರಿಗೆ ನಡತೆ ಪತ್ರ ಕೊಡುತ್ತಿದ್ದರು. ಹೊಸ ನಾಡಿನ ಸಭೆ (ಒಂದು ಚರ್ಚಿನ ಭಕ್ತರ ಗುಂಪು) ಅದನ್ನು ನೋಡಿ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿತ್ತು.

ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಕ್ರಮ ನೋಡಿದರೆ ಈ ಹಿಡಿತ ಎಷ್ಟು ಬಿಗಿ ಎಂದು ತಿಳಿಯುತ್ತದೆ. ಹೈಲ್ಯಾಂಡ್ (ಸ್ಕಾಟ್‌ಲೆಂಡ್‌ನ ಉತ್ತರದ ಗುಡ್ಡಗಾಡು) ಪದ್ಧತಿಯಲ್ಲಿ ಅದು ಐದು ದಿನ: ಗುರುವಾರ ಉಪವಾಸ, ಶುಕ್ರವಾರ ಪ್ರಶ್ನೆಯ ದಿನ (ವಿಶ್ವಾಸದ ಒಂದು ಪ್ರಶ್ನೆಯನ್ನು ಸೇರಿದವರು ಚರ್ಚಿಸುವ ದಿನ), ಶನಿವಾರ ಸಿದ್ಧತೆ, ಭಾನುವಾರ ಭೋಜನ, ಸೋಮವಾರ ಕೃತಜ್ಞತೆ. ಯೋಗ್ಯರೆಂದು ಕಂಡವರಿಗೆ ಸೀಸದ ಪುಟ್ಟ ಬಿಲ್ಲೆ ಸಿಗುತ್ತಿತ್ತು. ಮೇಜಿನ ಬಳಿ ಹಿರಿಯರು ಅದನ್ನು ವಾಪಸು ಪಡೆಯುತ್ತಿದ್ದರು. ಬಿಲ್ಲೆ ಇಲ್ಲದವರಿಗೆ ಮೇಜಿನಲ್ಲಿ ಜಾಗವಿಲ್ಲ. ದೂರದ ಹಳ್ಳಿಗಳವರು ಒಂದೆಡೆ ಸೇರುವ ದಿನಗಳೂ ಇವೇ.

ಉತ್ತರ 2
ಒಂದು ತಿದ್ದುಪಡಿ. ಮೇಲೆ ಹೇಳಿದ್ದು ಪ್ರೆಸ್ಬಿಟೇರಿಯನ್ನರ ಮಾತು, ಅಂದರೆ ಬಿಷಪ್ಪರಿಲ್ಲದೆ ಹಿರಿಯರ ಮಂಡಳಿಗಳು ನಡೆಸುವ ಪ್ರಾಟೆಸ್ಟಂಟ್ ಚರ್ಚಿನವರದು. ಎಲ್ಲರೂ ಪ್ರೆಸ್ಬಿಟೇರಿಯನ್ನರಲ್ಲ. ಒಂಟಾರಿಯೊದ ಗ್ಲೆನ್‌ಗ್ಯಾರಿ, ನೋವಾ ಸ್ಕೋಷಿಯಾದ ಆಂಟಿಗೊನಿಶ್‌ಗಳಲ್ಲಿ ಕ್ಯಾಥೊಲಿಕ್ ಹೈಲ್ಯಾಂಡರುಗಳು ಬಹಳ.

ಭಾಷೆ ಉಳಿದದ್ದರಲ್ಲೂ ಚರ್ಚಿನ ಪಾಲು ದೊಡ್ಡದು. 1786ರಲ್ಲಿ ನೋವಾ ಸ್ಕೋಷಿಯಾದ ಪಿಕ್ಟೌಗೆ ಬಂದ ಸಭಾಪಾಲಕ ಜೇಮ್ಸ್ ಮ್ಯಾಕ್‌ಗ್ರೆಗರ್ ಹೈಲ್ಯಾಂಡರುಗಳ ಭಾಷೆಯಾದ ಗೇಲಿಕ್‌ನಲ್ಲೂ ಬೋಧಿಸುತ್ತಿದ್ದರು. ಗೇಲಿಕ್ ಆರಾಧನೆಯಲ್ಲಿ ಒಬ್ಬರು ಬೈಬಲಿನ ಕೀರ್ತನೆಯ ಸಾಲು ಹೇಳಿಕೊಟ್ಟರೆ ಸಭೆ ಅದನ್ನು ಎಳೆದು ಹಾಡುತ್ತದೆ; ಓದು ಬಾರದವರಿಗೂ ಕೀರ್ತನೆಗಳು ಬಾಯಿಗೆ ಬಂದದ್ದು ಹಾಗೆ. ಒಟಾಗೊದ ಬಗೆ ಬೇರೆ. 1843ರಲ್ಲಿ ಸ್ಕಾಟ್‌ಲೆಂಡ್ ಚರ್ಚ್ ಒಡೆದು ಹುಟ್ಟಿದ ಫ್ರೀ ಚರ್ಚ್‌ನ ಬೆಂಬಲದಿಂದಲೇ 1848ರಲ್ಲಿ ಆ ವಸಾಹತು ನೆಲೆಯಾಯಿತು. ಜಮೀನು ಮಾರಿದ ಹಣದ ಎಂಟನೇ ಒಂದು ಪಾಲು ಚರ್ಚು, ಶಾಲೆಗಳಿಗೆಂದೇ ಮೀಸಲು.

ಉತ್ತರ 3
ಹುಡುಕಾಟದ ವಿಷಯಕ್ಕೆ ಬರುತ್ತೇನೆ. ಸ್ಕಾಟ್‌ಲೆಂಡ್‌ನಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚ್ ರಿಜಿಸ್ಟರೇ ಆಧಾರ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಜಾಲತಾಣದಲ್ಲಿ ಹೆಸರು, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಹಾಕಿ ನೋಡಿ. ತಾಯಿಯ ತವರಿನ ಮನೆತನದ ಹೆಸರು ಸಿಕ್ಕರೆ ಬಿಡಬೇಡಿ. ಊರಿಗೆ ಹತ್ತು ಜಾನ್ ಮ್ಯಾಕ್‌ಡೊನಾಲ್ಡರಿರುವಾಗ ನಿಮ್ಮವನನ್ನು ಬೇರ್ಪಡಿಸುವುದು ಅದೇ.

ಹೆಚ್ಚಿನವರು ಎಡವುವುದು ದೀಕ್ಷಾಸ್ನಾನದ ದಿನಾಂಕವನ್ನೇ ಹುಟ್ಟಿದ ದಿನ ಎಂದುಕೊಂಡು. ಕಾಡಿನಂಚಿನ ಹಳ್ಳಿಗಳಿಗೆ ಸಭಾಪಾಲಕರು ಬರುವುದೇ ಅಪರೂಪ, ಬಂದಾಗ ಒಡಹುಟ್ಟಿದವರಿಗೆಲ್ಲ ಒಟ್ಟಿಗೇ ದೀಕ್ಷಾಸ್ನಾನ. ಒಂದೇ ದಿನ ಮೂವರ ಹೆಸರಿದ್ದರೆ ತ್ರಿವಳಿ ಎಂದು ಬರೆದುಬಿಡಬೇಡಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಕೆನಡಾದ ರಿಜಿಸ್ಟರುಗಳು ಎಲ್ಲಿರುತ್ತವೆ?

ಉತ್ತರ 3
ಎರಡು ಕಡೆ ಕೇಳಬೇಕು. 1925ರಲ್ಲಿ ಬಹಳಷ್ಟು ಪ್ರೆಸ್ಬಿಟೇರಿಯನ್ ಸಭೆಗಳು ಹಲವು ಪಂಥಗಳು ಕೂಡಿ ಆದ ಯುನೈಟೆಡ್ ಚರ್ಚ್‌ಗೆ ಸೇರಿದವು, ಉಳಿದವು ಹೊರಗಿದ್ದವು. ಆ ಸಭೆ ಆಗ ಯಾವ ಕಡೆ ಹೋಯಿತೋ ಮೊದಲು ಆ ಚರ್ಚಿನ ದಾಖಲಾಗಾರಕ್ಕೆ ಬರೆಯಿರಿ. ಕುಟುಂಬದ ಹೆಸರಿನ ಜೊತೆ ಸಭೆಯ ಹೆಸರನ್ನೂ ಹಳ್ಳಿಯ ಹೆಸರನ್ನೂ ತಪ್ಪದೇ ಕೊಡಿ.