ಕಸಿ ಮಾವನ್ನು ದೊಡ್ಡ ಡ್ರಮ್ಮಿಗೆ ಬದಲಾಯಿಸುವಾಗ ಎಷ್ಟು ಆಳಕ್ಕೆ ಕೂರಿಸಬೇಕು?

ಪ್ರಶ್ನೆ: ತಾರಸಿ ತೋಟ, ಮೈಸೂರು

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ತಾರಸಿಯಲ್ಲಿ ಗಿಡ ಬೆಳೆಸುತ್ತಿದ್ದೇನೆ. ಆದರೂ ಈ ಪ್ರಶ್ನೆ ಕೇಳದೆ ಕೈ ಮುಂದುವರಿಯುತ್ತಿಲ್ಲ. ಹೋದ ವರ್ಷ ಒಂದು ಕಸಿ ನಿಂಬೆ ಗಿಡವನ್ನು ಕೈಯಾರೆ ಕಳೆದುಕೊಂಡೆ.

ಆ ಗಿಡಕ್ಕೆ ಮೂರು ವರ್ಷವಾಗಿತ್ತು, ಉಪ್ಪಿನಕಾಯಿಗೆ ಸಾಕಾಗುವಷ್ಟು ಕಾಯಿ ಬಿಟ್ಟಿತ್ತು. 12 ಅಂಗುಲದ ಕುಂಡ ಸಾಲದೆಂದು 18 ಅಂಗುಲದ ಕುಂಡಕ್ಕೆ ಬದಲಾಯಿಸಿದೆ. ಟೊಮೇಟೊ ಸಸಿಯನ್ನು ಕತ್ತಿನವರೆಗೆ ಹೂತರೆ ಗಟ್ಟಿಯಾಗಿ ನಿಲ್ಲುವುದನ್ನು ಪ್ರತಿವರ್ಷ ನೋಡಿದ್ದೆನಲ್ಲ, ನಿಂಬೆಗೂ ಅದೇ ಒಳ್ಳೆಯದೆಂದುಕೊಂಡು ಬುಡದ ಮೇಲೆ ನಾಲ್ಕು ಅಂಗುಲ ಮಣ್ಣು ಏರಿಸಿದೆ. ತಿಂಗಳೊಂದು ಕಳೆಯುವಷ್ಟರಲ್ಲಿ ಎಲೆ ಹಳದಿಯಾಯಿತು. ಬಾಯಾರಿರಬೇಕೆಂದು ಇನ್ನಷ್ಟು ನೀರು ಹಾಕಿದೆ. ಕೊನೆಗೆ ಮಣ್ಣು ಸರಿಸಿದಾಗ ಬುಡದ ತೊಗಟೆ ಕಂದಾಗಿ, ಬೆರಳಿಗೆ ಸುಲಿದು ಬಂತು. ಹುಳಿ ವಾಸನೆ ಬರುತ್ತಿತ್ತು.

ಈಗ ಮೊಮ್ಮಗ ಹುಟ್ಟಿದಾಗ ಮನೆಯವರು ತಂದ ಮಲ್ಲಿಕಾ ಮಾವಿನ ಸರದಿ. ಗಿಡದ ಎತ್ತರ ಎರಡೂವರೆ ಅಡಿ. ಕಸಿ ಗಂಟು, ಅಂದರೆ ಕೆಳಗಿನ ಬೇರಿನ ಗಿಡಕ್ಕೆ ಮೇಲಿನ ಮಲ್ಲಿಕಾ ರೆಂಬೆಯನ್ನು ಕೂಡಿಸಿದ ಜಾಗ, ನರ್ಸರಿ ಚೀಲದ ಮಣ್ಣಿನಿಂದ ಸುಮಾರು ನಾಲ್ಕು ಅಂಗುಲ ಮೇಲಿದೆ. 200 ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿಟ್ಟಿದ್ದೇನೆ. ಗಾಳಿಗೆ ಗಂಟು ಮುರಿಯುತ್ತದೆ, ಅದನ್ನು ಮಣ್ಣಿನಲ್ಲಿ ಮುಚ್ಚಿ ಎನ್ನುತ್ತಾರೆ ಪಕ್ಕದ ಮನೆಯವರು. ಗಿಡ ಕೊಟ್ಟ ಹುಡುಗ ಚೀಲದಲ್ಲಿರುವುದಕ್ಕಿಂತ ಎರಡು ಬೆರಳು ಆಳಕ್ಕಿಡಿ ಎಂದಿದ್ದ. ಯಾರ ಮಾತು ಸರಿ?

ಉತ್ತರ 1: ಹಳೆಯ ನರ್ಸರಿ ಕೆಲಸಗಾರ, ಶಿರಸಿ

ಅಕ್ಕ, ಎರಡೂ ಬೇಡ. ಕಸಿ ಗಂಟು ಯಾವ ಕಾರಣಕ್ಕೂ ಮಣ್ಣು ಮುಟ್ಟಬಾರದು.

ನಮ್ಮ ಕಡೆಯ ಕಾಳುಮೆಣಸಿನಿಂದ ಹೇಳಿದರೆ ಇದು ಬೇಗ ಅರ್ಥವಾಗುತ್ತದೆ. ಮೆಣಸಿನ ಬಳ್ಳಿಗೆ ಸೊರಗು ರೋಗ ತರುವ ರೋಗಾಣು ಮಣ್ಣಿನಲ್ಲಿ ಇರುತ್ತದೆ. ಅದಕ್ಕೇ ಆ ರೋಗವನ್ನು ತಡೆಯುವ, ನೀರು ನಿಂತರೂ ಸಹಿಸುವ ಬ್ರೆಜಿಲ್ ಹಿಪ್ಪಲಿಯ ಬೇರಿನ ಮೇಲೆ ಮೆಣಸನ್ನು ಕಸಿ ಕಟ್ಟುತ್ತೇವೆ. ಒಯ್ದವರು ಗಂಟನ್ನು ಹೂತುಬಿಟ್ಟರೆ ಮೇಲಿನ ಮೆಣಸೇ ಮಣ್ಣಿಗೆ ತಾಗುತ್ತದೆ, ಅಲ್ಲಿಂದಲೇ ಬೇರು ಬಿಡುತ್ತದೆ, ರೋಗ ನೇರವಾಗಿ ಅದಕ್ಕೇ ಹತ್ತುತ್ತದೆ. ಕಸಿ ಕಟ್ಟಿದ ಶ್ರಮ ಪೂರ್ತಿ ವ್ಯರ್ಥ. ಹೀಗೆ ಹಾಳಾದ ಬಳ್ಳಿಗಳನ್ನು ಕಂಡಾಗಲೆಲ್ಲ ಹೊಟ್ಟೆ ಉರಿದಿದೆ.

ನಿಮ್ಮ ನಿಂಬೆಗೆ ಆದದ್ದೂ ಬುಡಕೊಳೆಯೇ. ಕಾಂಡದ ತೊಗಟೆ ಗಾಳಿಗೆ ತೆರೆದಿರಬೇಕಾದದ್ದು, ಸದಾ ಒದ್ದೆಯಲ್ಲಿ ಅದು ಬದುಕುವುದಿಲ್ಲ. ಟೊಮೇಟೊ ಬೇರೆ ಜಾತಿಯ ಮಾತು. ಅದರ ಕಾಂಡದ ಮೇಲೆ ಕೆಲವೊಮ್ಮೆ ಸಣ್ಣ ಬಿಳಿ ಗುಳ್ಳೆಗಳು ಕಾಣುತ್ತವಲ್ಲ, ಮಣ್ಣು ಸಿಕ್ಕರೆ ಅವೇ ಬೇರಾಗುತ್ತವೆ. ಚೆಂಡುಹೂವಿನ ಕಾಂಡವೂ ಬೇರು ಬಿಡುತ್ತದೆ. ಮಾವು, ನಿಂಬೆ, ಸಪೋಟ ಹಾಗಲ್ಲ. ಪಪ್ಪಾಯಿಯಂತೂ ಬುಡದಲ್ಲಿ ನೀರು ನಿಂತರೆ ಕುಸಿದೇಹೋಗುತ್ತದೆ.

ಗಾಳಿಯ ಭಯಕ್ಕೆ ಬಿದಿರಿನ ಕೋಲು ನೆಟ್ಟು, ಹಳೆಯ ಹತ್ತಿ ಬಟ್ಟೆಯಿಂದ ಸಡಿಲವಾಗಿ ಕಟ್ಟಿದರೆ ಸಾಕು.

ಉತ್ತರ 2: ಮಂಗಳೂರು

ನಮ್ಮ ಮಳೆಗೆ ಡ್ರಮ್ಮಿನ ತಳದಲ್ಲಿ ಮೂರು ಅಂಗುಲ ಜಲ್ಲಿ ಹಾಕುತ್ತೇವೆ ಅಕ್ಕ. ನೀರು ಇಳಿದುಹೋಗುತ್ತದೆ. ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಇಡಿ, ತಳದ ತೂತು ತಾರಸಿಗೆ ಅಂಟಿಕೊಂಡರೆ ಏನು ಮಾಡಿದರೂ ಪ್ರಯೋಜನವಿಲ್ಲ. ತುಂಬಿ ನೆನೆದ ಮೇಲೆ ಅದರ ಭಾರ ನೂರು ಕಿಲೋ ದಾಟಬಹುದು. ಕೆಳಗೆ ತೊಲೆ ಅಥವಾ ಗೋಡೆ ಇರುವ ಜಾಗ ನೋಡಿಕೊಳ್ಳಿ.

ಉತ್ತರ 3: ಹಳೆಯ ನರ್ಸರಿ ಕೆಲಸಗಾರ, ಶಿರಸಿ

ಇಟ್ಟಿಗೆಯ ಮಾತು, ಭಾರದ ಮಾತು ಎರಡನ್ನೂ ಒಪ್ಪುತ್ತೇನೆ. ಜಲ್ಲಿಯ ಮಾತನ್ನು ಒಪ್ಪುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ಅಲ್ಲೇ ತಡೆದು ನಿಲ್ಲುತ್ತದೆ. ಅಂದರೆ ತಳದಲ್ಲಿರಬೇಕಾದ ಒದ್ದೆ ಪದರ ಮೂರು ಅಂಗುಲ ಮೇಲೆ, ಬೇರಿನ ಹತ್ತಿರಕ್ಕೆ ಬಂದಂತಾಯಿತು. ತೂತುಗಳ ಮೇಲೆ ಹೆಂಚಿನ ಚೂರುಗಳನ್ನು ಬೋರಲು ಹಾಕಿ, ಉಳಿದದ್ದೆಲ್ಲ ಮಣ್ಣೇ ಇರಲಿ.

ಅಕ್ಕ, ಇನ್ನೊಂದು ಮಾತು ಬಿಟ್ಟುಹೋಗಿತ್ತು. ನೀವು ಸರಿಯಾದ ಮಟ್ಟದಲ್ಲಿ ಕೂರಿಸಿದರೂ ಗಿಡ ತಾನಾಗಿ ಕೆಳಗಿಳಿಯುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೊಟ್ಟಿಗೆ ಗೊಬ್ಬರ ಕೊಳೆಯುತ್ತ ಕುಗ್ಗುತ್ತವೆ, ಗಿಡ ಗುಳಿಯಲ್ಲಿ ಕೂರುತ್ತದೆ, ಸುತ್ತಲಿನ ಮಣ್ಣು ಜಾರಿ ಬುಡ ಮುಚ್ಚುತ್ತದೆ. ಆದ್ದರಿಂದ ಬೇರಿನ ಮುದ್ದೆಯ ನೇರ ಕೆಳಗೆ ಕೆಂಪು ಮಣ್ಣು, ಮರಳು ಹೆಚ್ಚಿರಲಿ, ಕೈಯಿಂದ ಒತ್ತಿ ಕೂರಿಸಿ. ಗೊಬ್ಬರ, ಬೇವಿನ ಹಿಂಡಿ ಪಕ್ಕಕ್ಕೆ, ಮೇಲಕ್ಕೆ ಇರಲಿ. ಮೊದಲು ಗಿಡವಿಲ್ಲದೆ ಮಣ್ಣು ತುಂಬಿ, ನೀರು ಹಾಕಿ, ಕುಸಿಯಲು ಬಿಡಿ. ಆಮೇಲೆ ಡ್ರಮ್ಮಿನ ಅಂಚಿಗೆ ಅಡ್ಡವಾಗಿ ಒಂದು ಕೋಲಿಟ್ಟು, ಬೇರಿನ ಮುದ್ದೆಯ ಮೇಲ್ಭಾಗ ಕೋಲಿಗಿಂತ ಎರಡು ಅಂಗುಲ ಕೆಳಗಿರುವಂತೆ ಕೂರಿಸಿ. ಆ ಎರಡು ಅಂಗುಲ ನೀರು ಹಾಕುವುದಕ್ಕೆ.

ಉತ್ತರ 4: ಧಾರವಾಡ

ಎಲ್ಲರೂ ಚೀಲದ ಮಣ್ಣಿನ ಮಟ್ಟವನ್ನೇ ಅಳತೆಯಾಗಿ ನಂಬಿದ್ದೀರಿ. ದಯವಿಟ್ಟು ನಂಬಬೇಡಿ. ಚೀಲದಲ್ಲಿ ಮಣ್ಣು ಕುಸಿದಂತೆಲ್ಲ ಮೇಲೆ ಹೊಸ ಮಣ್ಣು ಸುರಿಯುವುದುಂಟು. ನನ್ನ ಪೇರಲ ಗಿಡ ತಂದಾಗಲೇ ಮೂರು ಬೆರಳು ಹೂತುಹೋಗಿತ್ತು. ಬುಡದಲ್ಲಿ ಬೆರಳು ಹಾಕಿ ಮೆಲ್ಲಗೆ ಕೆದಕಿ, ಮೊದಲ ದಪ್ಪ ಬೇರು ಕಾಂಡದಿಂದ ಎಲ್ಲಿ ಕವಲೊಡೆಯುತ್ತದೆ ನೋಡಿ. ಅದೇ ನಿಜವಾದ ನೆಲಮಟ್ಟ. ಅದರ ಮೇಲೆ ಒಂದು ತೆಳುವಾದ ಪದರಕ್ಕಿಂತ ಹೆಚ್ಚು ಮಣ್ಣು ಬೇಡ.

ಇಷ್ಟು ಸಣ್ಣ ಗಿಡವನ್ನು ಒಮ್ಮೆಲೇ ಅರ್ಧ ಡ್ರಮ್ಮಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬೇರಿಲ್ಲದ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಒಂದು ವರ್ಷ 16 ಅಂಗುಲದ ಕುಂಡದಲ್ಲಿ ಬೆಳೆಸಿ ನೋಡಿ.

ಮತ್ತೆ ಪ್ರಶ್ನೆ ಕೇಳಿದವರು: ತಾರಸಿ ತೋಟ, ಮೈಸೂರು

ಧಾರವಾಡದವರ ಮಾತು ಓದಿದ ತಕ್ಷಣ ಮೇಲೆ ಹೋಗಿ ಕೆದಕಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಮೊದಲ ದಪ್ಪ ಬೇರು ಸಿಕ್ಕಿದ್ದು ಒಂದೂವರೆ ಅಂಗುಲ ಕೆಳಗೆ. ಅದರ ಮೇಲೆಲ್ಲ ಕೂದಲಿನಂಥ ಬೇರುಗಳಷ್ಟೇ ಇದ್ದವು, ಮಣ್ಣಿನೊಂದಿಗೆ ಅವನ್ನೂ ತೆಗೆದೆ. ಆ ಹುಡುಗನ ಮಾತು ಕೇಳಿ ಇನ್ನೆರಡು ಬೆರಳು ಇಳಿಸಿದ್ದರೆ ಈ ಗಿಡಕ್ಕೂ ನಿಂಬೆಯ ಗತಿಯೇ ಆಗುತ್ತಿತ್ತು. ಕಸಿ ಗಂಟಿನ ಸುತ್ತ ಪ್ಲಾಸ್ಟಿಕ್ ಪಟ್ಟಿ ಕೂಡ ಹಾಗೆಯೇ ಉಳಿದು, ತೊಗಟೆಯಲ್ಲಿ ಗೆರೆ ಕೊರೆದಿತ್ತು. ಬ್ಲೇಡಿನಿಂದ ಸೀಳಿ ಬಿಡಿಸಿದೆ. ಗಂಟಿನ ಕೆಳಗೆ ಒಂದು ಕೆಂಪು ಚಿಗುರು ಬಂದಿತ್ತು, ಕೆಳಗಿನ ಕಾಡು ಗಿಡದ್ದು, ಅದನ್ನೂ ಚಿವುಟಿದೆ.

ಡ್ರಮ್ಮನ್ನು ಸದ್ಯಕ್ಕೆ ಬಿಟ್ಟಿದ್ದೇನೆ. 16 ಅಂಗುಲದ ಮಣ್ಣಿನ ಕುಂಡವೊಂದು ಖಾಲಿ ಇತ್ತು. ಶಿರಸಿಯವರು ಹೇಳಿದಂತೆ ಗಿಡವಿಲ್ಲದೆ ತುಂಬಿ, ಒಳಗೋಡೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನಿನ್ನೆ ಸಂಜೆ ನೀರು ಹಾಕಿದೆ. ಇಂದು ಬೆಳಗ್ಗೆ ನೋಡಿದರೆ ಮಣ್ಣು ಗೆರೆಯಿಂದ ಎರಡು ಬೆರಳು ಕೆಳಗಿಳಿದಿದೆ. ಇನ್ನೂ ಎರಡು ದಿನ ಕುಸಿಯಲು ಬಿಟ್ಟು, ಭಾನುವಾರ ಗಿಡ ಕೂರಿಸುತ್ತೇನೆ.