ಪದಚರ್ಚೆ: ‘ಫ್ರಾಮ್’ ಹಡಗಿನ ಮರದ ಮಾದರಿಗೆ ಬೇಕಾದ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ,

ಧ್ರುವಯಾನದ ‘ಫ್ರಾಮ್’ ಹಡಗನ್ನು 1:50 ಅಳತೆಯಲ್ಲಿ ಮರದಿಂದ ಕಟ್ಟುವುದು ಹೇಗೆ ಎಂಬ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓದುವವರು ಮರಗೆಲಸ ಬಲ್ಲವರು, ಹಡಗು ನೋಡಿದವರಲ್ಲ. ಮೂರು ಕಡೆ ಪದ ಕೂರುತ್ತಿಲ್ಲ. ಫ್ರೇಮ್, ಬಲ್ಕ್‌ಹೆಡ್ ಎರಡಕ್ಕೂ ಕರಡಿನಲ್ಲಿ ‘ಪಕ್ಕೆಲುಬು’ ಎಂದೇ ಇದೆ, ನಡೆಯುತ್ತದೆಯೇ? ಮಂಜುಗಡ್ಡೆಯ ಪೆಟ್ಟು ತಡೆಯಲು ಹಡಗಿನ ಹೊರಮೈಗೆ ಹೊಡೆಯುವ ಹಲಗೆಯ ಪದರ, ಐಸ್ ಶೀದಿಂಗ್‌ಗೆ ‘ಹಿಮಕವಚ’ ಎಂದು ಹಾಕಿದೆ. ಶ್ರೌಡ್, ರ‍್ಯಾಟ್‌ಲೈನ್ ಎಂಬ ಹಗ್ಗಗಳಿಗೆ ಏನೂ ಹೊಳೆದಿಲ್ಲ. ಬಲ್ಲವರು ತಿಳಿಸಬೇಕು.

(ಚಿಕ್ಕಮಗಳೂರಿನಿಂದ)

ಉತ್ತರ:

ನಮಸ್ಕಾರ ಸರ್,

‘ಪಕ್ಕೆಲುಬು’ ಎರಡಕ್ಕೂ ಬೇಡ. ಇದು ಬರೀ ಭಾಷೆಯ ಮಾತಲ್ಲ, ಹಾಗೆ ಬರೆದರೆ ಓದಿದವರ ಕೆಲಸ ಕೆಡುತ್ತದೆ.

ನಿಜವಾದ ಫ್ರಾಮ್‌ನಲ್ಲಿ ಪಕ್ಕೆಲುಬು, ಅಂದರೆ ಫ್ರೇಮ್, ಇರುವುದು ನಿಜ. ಧ್ರುವಯಾನಿ ನಾನ್ಸೆನ್ನರಿಗಾಗಿ ಕಾಲಿನ್ ಆರ್ಚರ್ ಕಟ್ಟಿದ ಆ ಹಡಗು 1892ರ ಅಕ್ಟೋಬರ್ 26ರಂದು ನಾರ್ವೆಯ ಲಾರ್ವಿಕ್‌ನಲ್ಲಿ ನೀರಿಗಿಳಿಯಿತು. ಅದರ ಓಕ್ ಮರದ ಪಕ್ಕೆಗಳನ್ನು ಜೋಡಿ ಜೋಡಿಯಾಗಿ ಬಿಗಿದು, ಎರಡು ಜೋಡಿಗಳ ನಡುವೆ ಮೂರು ನಾಲ್ಕು ಸೆಂ.ಮೀ. ಸಂದನ್ನಷ್ಟೇ ಬಿಟ್ಟಿದ್ದರು. ಆ ಸಂದಿಗೂ ಡಾಂಬರು, ರಾಳ, ಮರದ ಹೊಟ್ಟು ಕಲಸಿ ತುಂಬಿದ್ದರು. ಹೊರಹಲಗೆ ಕಿತ್ತುಹೋದರೂ ನೀರು ಒಳನುಗ್ಗಬಾರದು ಎಂಬುದು ಲೆಕ್ಕಾಚಾರ. ಇದಕ್ಕೆ ‘ಪಕ್ಕೆಮರ’ ಚೆನ್ನಾಗಿ ಒಪ್ಪುತ್ತದೆ.

ಮಾದರಿಯಲ್ಲಿ ನೀವು ನಿಲ್ಲಿಸುವುದು ಬೇರೆ: 4 ಮಿ.ಮೀ. ಪ್ಲೈವುಡ್‌ನಲ್ಲಿ ಹಡಗಿನ ಅಡ್ಡಕೊಯ್ತದ ಆಕಾರಕ್ಕೆ ಕತ್ತರಿಸಿದ ತುಂಡುಗಳು. ಮಾದರಿ ಕಟ್ಟುವವರು ಬಲ್ಕ್‌ಹೆಡ್ ಎನ್ನುವುದು ಇವನ್ನೇ. ಅವು ಬಲಕ್ಕಾಗಿ ಇರುವುದಲ್ಲ, ಮೈಗೆ ಆಕಾರ ಕೊಡಲು ಇರುವುದು. ಆದ್ದರಿಂದ ‘ಅಚ್ಚುಹಲಗೆ’ ಅನ್ನಿ. ಬೆಲ್ಲದ ಅಚ್ಚು ಕಂಡವರಿಗೆ ವಿವರಣೆಯೇ ಬೇಡ. ನಿಜ ಹಡಗಿನ ಒಳಗೆ ಕೋಣೆ ಬೇರ್ಪಡಿಸುವ ಬಲ್ಕ್‌ಹೆಡ್‌ಗೆ ‘ಅಡ್ಡಗೋಡೆ’ ಸಾಕು. ಹಡಗಿನ ತಳದಲ್ಲಿ ಉದ್ದಕ್ಕೂ ಇರುವ ಕೀಲ್‌ಗೆ ‘ಅಡಿತೊಲೆ’. ಮನೆ ಕಟ್ಟುವವರಿಗೆಲ್ಲ ತೊಲೆ ಗೊತ್ತಿರುವುದೇ.

‘ಪಕ್ಕೆಲುಬು’ ಎಂದು ಓದಿದ ಬಡಗಿ ಅಂಚನ್ನು ನೇರವಾಗಿ ಕೊಯ್ದು ಹಾಗೇ ಬಿಡುತ್ತಾನೆ. ಅಚ್ಚುಹಲಗೆಯ ಅಂಚಿಗೆ ಓರೆ ಹೊಡೆಯಲೇಬೇಕು. ಅಚ್ಚುಹಲಗೆಗಳನ್ನು ಅಡಿತೊಲೆಯ ಕಚ್ಚುಗಳಲ್ಲಿ ಕೂರಿಸಿದ ಮೇಲೆ ತೆಳು ಪಟ್ಟಿಯೊಂದನ್ನು ಒಟ್ಟಿಗೆ ಮೂರಾದರೂ ಅಚ್ಚುಹಲಗೆಗಳ ಮೇಲೆ ಬಾಗಿಸಿ ಇಡಿ. ಪಟ್ಟಿ ನಾಲ್ಕು ಮಿ.ಮೀ. ದಪ್ಪಕ್ಕೂ ಪೂರ್ತಿ ತಾಗಬೇಕು. ಮೂಲೆಯಲ್ಲಿ ಮಾತ್ರ ತಾಗಿದರೆ ಅಂಟು ಅಷ್ಟರಲ್ಲೇ ಹಿಡಿಯುತ್ತದೆ, ಅಲ್ಲಿ ಹಲಗೆ ಉಬ್ಬಿ ನಿಲ್ಲುತ್ತದೆ. ಉಪ್ಪುಕಾಗದ ಹಾಕಿ ಉಬ್ಬು ತೆಗೆಯಲು ಹೋದರೆ ಹಲಗೆಯೇ ತೂತಾಗುತ್ತದೆ. ಅಂತರ ನಡುವಿನಲ್ಲಿ 4ರಿಂದ 5 ಸೆಂ.ಮೀ., ಮೂತಿಯ ಕಡೆ ಅದರ ಅರ್ಧ ಇರಲಿ. ಮಂಜುಗಡ್ಡೆ ಅದುಮಿದಾಗ ಸಿಕ್ಕಿಕೊಳ್ಳದೆ ಮೇಲೆದ್ದು ಬರಲೆಂದು ಫ್ರಾಮ್‌ನ ಮೈಯನ್ನು ದುಂಡಗೆ ಮಾಡಿದ್ದರು. ಮೂತಿಯ ಆ ದುಂಡಿನಲ್ಲಿ ಹಲಗೆ ತಟ್ಟನೆ ಬಾಗಬೇಕು. ಮೊದಲ ಎರಡು ಅಚ್ಚುಹಲಗೆಗಳ ನಡುವೆ ಮೆತ್ತನೆ ಮರದ ತುಂಬುತುಂಡು ಇಟ್ಟು ತೀಡದಿದ್ದರೆ ಹಲಗೆ ಮಡಚಿದ ಹಾಗೆ ಕೋನ ಬೀಳುತ್ತದೆ.

ಇನ್ನು ‘ಹಿಮಕವಚ’. ಹಿಮ ಆಕಾಶದಿಂದ ಬೀಳುವುದು. ಹಡಗನ್ನು ಅದುಮುವುದು ಹೆಪ್ಪುಗಟ್ಟಿದ ಕಡಲು. ‘ಮಂಜು’ ಎಂದರೋ, ನಿಮ್ಮ ಕಡೆಯವರಿಗೆ ಮುಳ್ಳಯ್ಯನಗಿರಿಯ ಮೇಲೆ ಕವಿಯುವುದೇ ನೆನಪಿಗೆ ಬರುತ್ತದೆ. ‘ನೀರ್ಗಲ್ಲು’ ನಮ್ಮಲ್ಲಿ ಇರುವ ಪದವೇ, ಚಿಕ್ಕದು, ಗಟ್ಟಿ. ‘ಕವಚ’ಕ್ಕೆ ನನ್ನ ಆಕ್ಷೇಪ ಇನ್ನೂ ಜೋರು. ಫ್ರಾಮ್‌ಗೆ ಹಲಗೆ ಮೂರು ಪದರ: ಒಳಗೆ ಸುಮಾರು 7.5 ಸೆಂ.ಮೀ. ಓಕ್, ಅದರ ಮೇಲೆ 10 ಸೆಂ.ಮೀ. ಓಕ್, ಎಲ್ಲಕ್ಕಿಂತ ಹೊರಗೆ ಗ್ರೀನ್‌ಹಾರ್ಟ್ ಎಂಬ ಬಲು ಗಡಸು ಮರ. ಹೊರಗಿನದು ಮೇಲೆ 15 ಸೆಂ.ಮೀ. ಇದ್ದು ಅಡಿತೊಲೆಯ ಕಡೆಗೆ ಅರ್ಧಕ್ಕಿಳಿಯುತ್ತದೆ. ಅದರ ಮೊಳೆಗಳು ಒಳಗಿನ ಪದರಗಳನ್ನು ತೂರಿ ಹೋಗುವುದಿಲ್ಲ. ಮಂಜುಗಡ್ಡೆ ಅದನ್ನು ಪೂರ್ತಿ ಸುಲಿದರೂ ಒಳಮೈಗೆ ಹೆಚ್ಚು ಪೆಟ್ಟಾಗಬಾರದು ಎಂದೇ ಹಾಗೆ ಮಾಡಿದ್ದು. ಕಳಚಿಹೋಗಲು ಸಿದ್ಧವಾಗಿರುವುದು ಪೊರೆ. ‘ನೀರ್ಗಲ್ಲ ಪೊರೆ’ ಎಂದರೆ ಅರ್ಥವೂ ರಚನೆಯೂ ಒಟ್ಟಿಗೆ ಸಿಗುತ್ತದೆ.

ಮಾದರಿಯಲ್ಲಿ ಮೂರೂ ಪದರ ಬೇಕಿಲ್ಲ. ಒಳಗೆ 1.5 ಮಿ.ಮೀ., ಮೇಲೆ ಪೊರೆಗೆ 1 ಮಿ.ಮೀ. ಸಾಕು. ನಕ್ಷೆಯ ಗೆರೆ ಹಲಗೆಯ ಹೊರಗಿನದೋ ಒಳಗಿನದೋ ಮೊದಲು ನೋಡಿಕೊಳ್ಳಿ. ಹೊರಗಿನದಾದರೆ ಅಚ್ಚುಹಲಗೆಯನ್ನು ಸುತ್ತಲೂ 2.5 ಮಿ.ಮೀ. ಒಳಗೆ ಕತ್ತರಿಸಬೇಕು. ಇಲ್ಲದಿದ್ದರೆ 22 ಸೆಂ.ಮೀ. ಅಗಲದ ಹಡಗು ಅರ್ಧ ಸೆಂ.ಮೀ. ದಪ್ಪಗಾಗುತ್ತದೆ.

ಹಲಗೆಯ ಅಗಲ ಇಳಿಸುವ ಲೆಕ್ಕವನ್ನೂ ಕೈಪಿಡಿಯಲ್ಲಿ ಕೊಡಿ. ಒಂದು ಪಕ್ಕದಲ್ಲಿ ನಡುಭಾಗದ ಸುತ್ತಳತೆ 150 ಮಿ.ಮೀ. ಎಂದುಕೊಳ್ಳಿ, ಪಟ್ಟಿಯ ಅಗಲ 5: ಮೂವತ್ತು ಹಲಗೆ. ಮೂತಿಯಲ್ಲಿ ಸುತ್ತಳತೆ 90 ಆದರೆ ಪ್ರತಿ ಹಲಗೆಯೂ ಅಲ್ಲಿ 3 ಮಿ.ಮೀ.ಗೆ ಇಳಿಯಬೇಕು. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಎಳೆ ಸೀಳುತ್ತದೆ. ಅಂಥ ಕಡೆ ಒಂದು ಹಲಗೆಯನ್ನು ನಡುವೆಯೇ ನಿಲ್ಲಿಸಿ, ಅದರ ಜಾಗವನ್ನು ಪಕ್ಕದ್ದಕ್ಕೆ ಕೊಡಿ. ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋಗಬೇಕು. ಒಂದೇ ಪಕ್ಕ ಮುಗಿಸಿದರೆ ಹಲಗೆಗಳ ಎಳೆತಕ್ಕೆ ಅಡಿತೊಲೆ ತಿರುಚಿಕೊಂಡು ಮತ್ತೆ ನೇರವಾಗುವುದಿಲ್ಲ.

ಬಾಗಿಸಲು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಆದರೆ ಹಸಿಯಾಗಿ ಅಂಟಿಸಬೇಡಿ. ಜಾಗದಲ್ಲಿ ಬಾಗಿಸಿ ಕಟ್ಟಿ, ರಾತ್ರಿಯಿಡೀ ಒಣಗಿಸಿ, ಆಮೇಲೆ ಅಂಟು. ನೆಂದ ಹಲಗೆ ಒಣಗುವಾಗ ಅಡ್ಡಕ್ಕೆ ಕುಗ್ಗಿ ಸಂದು ಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದಂತೆ ಕಂಡ ಮರವೂ ತೇವ ಹೀರಿರುತ್ತದೆ. ಆಷಾಢದಲ್ಲಿ ಒತ್ತೊತ್ತಾಗಿ ಅಂಟಿಸಿದ್ದು ಫೆಬ್ರವರಿ ಮಾರ್ಚ್‌ಗೆ ಬಾಯಿಬಿಡುತ್ತದೆ.

ಮರದ ಹೆಸರುಗಳನ್ನು ಇಲ್ಲಿಯವೇ ಕೊಡಿ. ತೇಗದ ರಂಧ್ರ ದೊಡ್ಡದು, 1:50ರಲ್ಲಿ ಗೀರು ಬಿದ್ದ ಹಾಗೆ ಕಾಣುತ್ತದೆ. ತೋಟದ ಸಿಲ್ವರ್ ಓಕ್ ಮರದ ಚುಕ್ಕೆಗಳೂ ಅಷ್ಟೇ, ಅಳತೆಗೆ ಒಗ್ಗುವುದಿಲ್ಲ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರದ ಎಳೆ ನಯ, ಹಲಗೆಗೆ ಅದೇ ಒಳ್ಳೆಯದು. ಸಣ್ಣ ಭಾಗಗಳಿಗೆ, ಕಿತ್ತ ಹಳೇ ಕಾಫಿ ಗಿಡದ ಬುಡ ಸಿಕ್ಕರೆ ಬಿಡಬೇಡಿ. ಗಡಸು, ಒತ್ತೆಳೆ, ತೂತು ಕೊರೆದರೆ ಅಂಚು ಒಡೆಯದು. ಹಸಿಯಾಗಿ ಕತ್ತರಿಸಿದ ತಕ್ಷಣ ತುದಿಗಳಿಗೆ ಮೇಣ ಹಚ್ಚಬೇಕು, ಇಲ್ಲವಾದರೆ ಸೀಳು ಬಿಡುತ್ತದೆ.

ಕೊನೆಯದು ಹಗ್ಗ. ಹಾಯಿ ಕಟ್ಟುವ ಕೂವೆಮರವನ್ನು ಎರಡೂ ಪಕ್ಕದಿಂದ ಹಿಡಿದು ನಿಲ್ಲಿಸುವ ಶ್ರೌಡ್ ‘ಬಿಗಿಹಗ್ಗ’. ಅದಕ್ಕೆ ಅಡ್ಡಲಾಗಿ ಕಟ್ಟುವ ರ‍್ಯಾಟ್‌ಲೈನ್ ಕಾಲಿಡುವ ಮೆಟ್ಟಿಲು. ಎರಡೂ ಸೇರಿದರೆ ನಮ್ಮ ಹಳೆಯ ‘ನೂಲೇಣಿ’ಯೇ. ಆದ್ದರಿಂದ ಅಡ್ಡದ್ದು ‘ನೂಲೇಣಿ ಮೆಟ್ಟಿಲು’. ಬಿಗಿಹಗ್ಗವನ್ನು ಎಳೆದು ಬಿಗಿಯುವ ಮೂರು ತೂತಿನ ದುಂಡುಬಿಲ್ಲೆ ಡೆಡ್‌ಐಗೆ ‘ಮುಕ್ಕಣ್ಣು’ ಎಂಬುದು ನನ್ನ ಸಲಹೆ, ಒಪ್ಪದವರು ಹೇಳಿ. ಮೆಟ್ಟಿಲಿನ ಅಂತರ ಸುಮಾರು 7 ಮಿ.ಮೀ. ಕಾಗದದಲ್ಲಿ ಗೆರೆ ಎಳೆದು ಹಿಂದೆ ಇಟ್ಟುಕೊಂಡು, ನಡುವಿನ ಬಿಗಿಹಗ್ಗದಿಂದ ಹೊರಗಡೆಗೆ ಗಂಟು ಹಾಕುತ್ತ ಹೋಗಿ. ಅಂಚಿನ ಗಂಟನ್ನು ಜಗ್ಗಿ ಬಿಗಿದರೆ ಬಿಗಿಹಗ್ಗ ಒಳಕ್ಕೆ ಬಾಗಿ ನೂಲೇಣಿಗೆ ಸೊಂಟ ಬರುತ್ತದೆ. ಅದು ಬಾರದಿರಲು ಮೊದಲೇ ಎರಡು ಅಂಚುಗಳಿಗೂ ತೆಳು ಬಿದಿರುಕಡ್ಡಿ ಕಟ್ಟಿಕೊಂಡು, ಎಲ್ಲ ಗಂಟೂ ಮುಗಿದ ಮೇಲೆ ಬಿಚ್ಚಿ. ನೂಲಿಗೆ ಜೇನುಮೇಣ ಸವರದಿದ್ದರೆ ಹತ್ತಿಯ ದಾರ ತೇವ ಹೀರಿ ತಿಂಗಳಿಗೊಂದು ಬಗೆ ಜೋಲುತ್ತದೆ.

(ಹಾಸನದಿಂದ)

ಮರುಪ್ರಶ್ನೆ:

ತುಂಬ ಉಪಕಾರವಾಯಿತು ಸರ್. ‘ಅಚ್ಚುಹಲಗೆ’, ‘ನೀರ್ಗಲ್ಲ ಪೊರೆ’ ಎರಡನ್ನೂ ತೆಗೆದುಕೊಳ್ಳುತ್ತೇವೆ. ಚುಕ್ಕಾಣಿಯನ್ನೂ ಪ್ರೊಪೆಲರನ್ನೂ ಮೇಲಕ್ಕೆತ್ತುವ ‘ವೆಲ್’ಗೆ ‘ಬಾವಿ’ ಎನ್ನಬಹುದೇ?

ಉತ್ತರ:

‘ಬಾವಿ’ ಎಂದರೆ ನೀರು ಸೇದುವ ಯೋಚನೆ ಬರುತ್ತದೆ ಸರ್. ಮಂಜುಗಡ್ಡೆ ಮುತ್ತಿದಾಗ ಚುಕ್ಕಾಣಿಯೂ ಪ್ರೊಪೆಲರೂ ಒಳಗೆ ಸೇರಿಕೊಳ್ಳುವ ಜಾಗ ಅದು, ‘ಚುಕ್ಕಾಣಿಗೂಡು’, ‘ಪ್ರೊಪೆಲರ್ ಗೂಡು’ ಸರಿಹೋಗುತ್ತದೆ. ಹಿಂಬದಿಯ ಹಲಗೆ ಹಾಕುವ ಮುಂಚೆಯೇ ಎರಡೂ ಗೂಡುಗಳನ್ನು ಕೊರೆದು, ಒಳಗೋಡೆ ಅಂಟಿಸಿ, ಚುಕ್ಕಾಣಿ ಸಲೀಸಾಗಿ ಮೇಲೆ ಕೆಳಗೆ ಆಡುತ್ತದೆಯೇ ನೋಡಬೇಕೆಂದು ಆ ಪುಟದಲ್ಲೇ ಬರೆಯಿರಿ. ಹಲಗೆ ಮುಚ್ಚಿದ ಮೇಲೆ ಅಲ್ಲಿಗೆ ಉಳಿ ಹೋಗುವುದಿಲ್ಲ.