ನಯಾಗರಾ ಮೇಲೆ ಹೆಲಿಕಾಪ್ಟರ್: ಅಪ್ಪ-ಅವ್ವನನ್ನು ಕೂರಿಸಬಹುದಾ?

ಬೆಳಗಾವಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಕ್ಕ ಟೊರಾಂಟೊದಲ್ಲಿದ್ದಾಳೆ. ಬರುವ ಜುಲೈನಲ್ಲಿ ಅಪ್ಪ-ಅವ್ವನ ಜೊತೆ ನಾನೂ ಹೋಗುತ್ತಿದ್ದೇನೆ. ಅಲ್ಲಿಂದ ನಯಾಗರಾ ಜಲಪಾತ ಸುಮಾರು 130 ಕಿಲೋಮೀಟರ್. ಅದರ ಮೇಲೆ ಹೆಲಿಕಾಪ್ಟರಿನಲ್ಲಿ ಇಬ್ಬರಿಗೂ ಒಂದು ಸುತ್ತು ಹಾಕಿಸಬೇಕು, ಅಲ್ಲಿಗೆ ಮುಟ್ಟುವ ತನಕ ಹೇಳಲೇಬಾರದು ಅನ್ನುವುದು ಅಕ್ಕನ ಆಸೆ.

ಅಪ್ಪನಿಗೆ 68, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವ್ವನಿಗೆ 62. ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನ ತಿರುವುಗಳಲ್ಲಿ ಪ್ರತಿ ಸಲ ವಾಂತಿ ಆಗುತ್ತದೆ. ಹಾರುವುದು ಬರೀ 12 ನಿಮಿಷ. ಜಲಪಾತದ ಹತ್ತಿರಕ್ಕೆ ಕರೆದುಕೊಂಡು ಹೋಗುವ ದೋಣಿಯ ಟಿಕೆಟ್ಟಿಗಿಂತ ನಾಲ್ಕೈದು ಪಟ್ಟು ಜಾಸ್ತಿ ದುಡ್ಡು. ಮನೆಯ ಹಿರಿಯರನ್ನು ಕರೆದುಕೊಂಡು ಹೋದವರು ಇದ್ದೀರಾ? ಹೋಗಬಹುದಾ, ಸುಮ್ನೆ ದೋಣಿ ಸಾಕಾ? ದಯವಿಟ್ಟು ನಿಮ್ಮ ಅನುಭವ ಹೇಳಿ.

ಗೋಕಾಕದಿಂದ

ತಮ್ಮಾ, ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಆಗ ಅವರಿಗೆ 70. ಮೊದಲು ಒಂದು ಮಾತು. ಹೇಳದೆ ಕರೆದುಕೊಂಡು ಹೋಗುವುದು ಬೇಡ. ನಾವು ಅದನ್ನೇ ಮಾಡಿದೆವು. ಅಲ್ಲಿ ಹೋದ ಕೂಡಲೇ ಒಬ್ಬೊಬ್ಬರನ್ನೂ ತೂಕಕ್ಕೆ ನಿಲ್ಲಿಸಿದರು. ಆಮೇಲೆ ಸುರಕ್ಷತೆಯ ವಿಡಿಯೋ ತೋರಿಸಿದರು. ಅತ್ತೆಯವರಿಗೆ ಏನು ನಡೆಯುತ್ತಿದೆ ಅಂತಲೇ ತಿಳಿಯಲಿಲ್ಲ. ಕೈ ತಣ್ಣಗಾಗಿತ್ತು. ಬೇಡ ಅನ್ನಲಿಕ್ಕೂ ಸಂಕೋಚ. ಟಿಕೆಟ್ ತೆಗೆದಾಗಿದೆ, ಮಗ-ಸೊಸೆಗೆ ಬೇಜಾರಾಗುತ್ತದೆ ಎಂದು ಸುಮ್ಮನೆ ಕೂತರು. ಆ ಹೊತ್ತು ನೆನಸಿಕೊಂಡರೆ ಇವತ್ತಿಗೂ ನನಗೆ ಸಂಕಟ ಆಗುತ್ತದೆ. ಒಂದು ವಾರ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ಅವರೇ ಹುಮ್ಮಸ್ಸಿನಿಂದ ಬರುತ್ತಿದ್ದರು.

ಎರಡನೆಯದು, ಮೊದಲು ಕೆಳಗಿನಿಂದ ನೋಡಿ, ಆಮೇಲೆ ಮೇಲೆ ಹೋಗಿ. ನಾವು ಘಟಪ್ರಭೆಯ ದಂಡೆಯ ಜನ. ನಮ್ಮ ಗೋಕಾಕ ಜಲಪಾತ ಬೀಳುವ ಎತ್ತರ 52 ಮೀಟರ್. ನಯಾಗರಾದ ದೊಡ್ಡ ಜಲಪಾತ, ಕುದುರೆ ಲಾಳದ ಆಕಾರದ್ದು, ಸುಮಾರು 57 ಮೀಟರ್. ನಮ್ಮದೂ ಲಾಳದ ಆಕಾರವೇ ಅಲ್ವಾ? ಅತ್ತೆಯವರು ದಂಡೆಯ ಕಟ್ಟೆ ಹಿಡಿದು ನಿಂತು "ನಮ್ಮ ಗೋಕಾಕದ ಹಂಗ ಐತಿ" ಎಂದರು. ದೋಣಿಯಲ್ಲಿ ಹತ್ತಿರ ಹೋದಾಗ ಆ ಮಾತು ಬದಲಾಯಿತು. ಮೂರೂ ಕಡೆ ನೀರಿನ ಗೋಡೆ, ಮುಖಕ್ಕೆ ತುಂತುರು, ಕಿವಿ ತುಂಬ ಸದ್ದು. ಕೊಟ್ಟ ರೇನ್‌ಕೋಟ್ ಹಾಕಿಕೊಂಡರೂ ಸೀರೆಯ ನೆರಿಗೆ ಪೂರ್ತಿ ತೊಯ್ದಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಹೆಲಿಕಾಪ್ಟರಿನಲ್ಲಿ ಆ ಸದ್ದಿಲ್ಲ, ತುಂತುರಿಲ್ಲ. ಕಿವಿಗೆ ಹೆಡ್‌ಫೋನ್ ಇರುತ್ತದೆ, ಹೊರಗೆ ರೆಕ್ಕೆಯ ಗದ್ದಲ. ಮೇಲಿನಿಂದ ಸುತ್ತು ಹಾಕುತ್ತದೆಯೇ ಹೊರತು ನೀರಿನ ಹತ್ತಿರ ಇಳಿಯುವುದಿಲ್ಲ. ಹಾಗಾದರೆ ಸಿಗುವುದು ಏನು? ನದಿ ಪೂರ್ತಿ ಕಾಣುತ್ತದೆ. ಹತ್ತುವ ಜಾಗ ಜಲಪಾತದಿಂದ ಕೆಲವು ಕಿಲೋಮೀಟರ್ ಕೆಳಗೆ ಇದೆ. ಅಲ್ಲಿ ನದಿ ಒಮ್ಮೆಲೇ ಲಂಬಕೋನದಲ್ಲಿ ತಿರುಗುತ್ತದೆ. ಆ ತಿರುವಿನಲ್ಲಿ ನೀರು ದೊಡ್ಡ ಸುಳಿಯಾಗಿ ಸುತ್ತುತ್ತಿರುತ್ತದೆ, ಹಸಿರು ಬಣ್ಣ. ಅದನ್ನು ದಾಟಿ ಕಮರಿಯ ಗುಂಟ ಹೋಗುತ್ತಾರೆ. ಕೆನಡಾ-ಅಮೆರಿಕ ಸೇರಿಸುವ ರೇನ್‌ಬೋ ಸೇತುವೆ ಬರುತ್ತದೆ, ಆಮೇಲೆ ಅಮೆರಿಕ ಕಡೆಯ ಜಲಪಾತ, ಕೊನೆಗೆ ಲಾಳ. ಬೀಳುವ ಮೊದಲು ಆ ನೀರು ಎಷ್ಟು ಅಗಲವಾಗಿ ಹರಡಿಕೊಂಡು ಬರುತ್ತದೆ ಅನ್ನುವುದು ಕೆಳಗೆ ನಿಂತರೆ ಗೊತ್ತೇ ಆಗುವುದಿಲ್ಲ. ನಾವು ನಿಂತು ನೋಡಿದ ಕಟ್ಟೆ ಕೂಡ ಸಣ್ಣ ಗೆರೆಯಂತೆ ಕಂಡಿತು. ಅತ್ತೆಯವರು ಬೆರಳು ಮಾಡಿ ಅದನ್ನೇ ನನಗೆ ತೋರಿಸಿದರು. ಮೊದಲು ಕೆಳಗೆ ನಿಂತಿದ್ದರಿಂದಲೇ ಅವರಿಗೆ ಅದು ಗುರುತು ಸಿಕ್ಕಿತು.

ಹೆಡ್‌ಫೋನಿನ ವಿವರಣೆ ಅವರಿಗೆ ಒಂದೂ ತಿಳಿಯಲಿಲ್ಲ. ಹಿಂದಿನ ರಾತ್ರಿ ಒಂದು ಹಾಳೆಯ ಮೇಲೆ ನದಿಯ ಗೆರೆ ಎಳೆದು, ಮೊದಲು ಸುಳಿ, ಆಮೇಲೆ ಸೇತುವೆ, ಆಮೇಲೆ ಜಲಪಾತ ಎಂದು ತೋರಿಸಿಡಿ. ತುಂಬಾ ಉಪಯೋಗ ಆಗುತ್ತದೆ.

ಇಳಿದ ಮೇಲೆ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ನೀರು ಎಲ್ಲಿಂದ ಬರತೈತಿ? ಮಳಿ ಇಲ್ಲದಾಗ ಏನ್ ಮಾಡ್ತಾರ?" ನನಗೆ ಉತ್ತರ ಗೊತ್ತಿರಲಿಲ್ಲ.

ಬಾಗಲಕೋಟೆಯಿಂದ

ಗೋಕಾಕದ ತಂಗಿಯ ಅತ್ತೆಯವರು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಯಾಗರಾ ನೋಡಿ ಬಂದಿದ್ದೇನೆ, ದೋಣಿಯಲ್ಲಿ ಮಾತ್ರ.

ಆ ನದಿಗೆ ನೀರು ಕೊಡುವುದು ದೊಡ್ಡ ಸರೋವರಗಳು. ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ, ಈ ನಾಲ್ಕರ ನೀರೂ ನಯಾಗರಾ ನದಿಯಾಗಿ ಹರಿದು ಐದನೆಯದಾದ ಒಂಟಾರಿಯೊಗೆ ಸೇರುತ್ತದೆ. ಹೀಗಾಗಿ ನಮ್ಮ ಘಟಪ್ರಭೆಯ ಹಾಗೆ ಮಳೆಗಾಲಕ್ಕೆ ಉಕ್ಕಿ ಬೇಸಿಗೆಗೆ ಬಂಡೆ ಕಾಣುವುದಿಲ್ಲ.

ಆದರೆ ಅಲ್ಲೂ ವಿದ್ಯುತ್ತಿಗೆ ನೀರು ತಿರುಗಿಸುತ್ತಾರೆ. 1950ರಲ್ಲಿ ಕೆನಡಾ ಮತ್ತು ಅಮೆರಿಕ ಒಪ್ಪಂದ ಮಾಡಿಕೊಂಡಿವೆ. ಜನ ನೋಡಲು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಜಲಪಾತದ ಮೇಲೆ ಬೀಳಲೇಬೇಕು. ಜುಲೈನಲ್ಲಿ ಆ ಹೊತ್ತು ಬೆಳಿಗ್ಗೆ 8ರಿಂದ ರಾತ್ರಿ 10ರ ತನಕ. ಉಳಿದ ಹೊತ್ತಿನಲ್ಲಿ ಮತ್ತು ಚಳಿಗಾಲದಲ್ಲಿ 50 ಸಾವಿರ ಕ್ಯೂಸೆಕ್ ಬಿಟ್ಟರೆ ಸಾಕು.

1 ಲಕ್ಷ ಕ್ಯೂಸೆಕ್ ಅಂದರೆ ಎಷ್ಟು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಿನಲ್ಲಿ ಆಲಮಟ್ಟಿಯ ಒಳಹರಿವು, ಹೊರಹರಿವು ನೋಡುವ ಜನ ನಾವು. 2019ರ ಆಗಸ್ಟ್ ಪ್ರವಾಹದಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ಬಿಟ್ಟಿದ್ದರು. ಅಂದರೆ ನಯಾಗರಾದ ಹಗಲಿನ ಲೆಕ್ಕದ ಐದು ಪಟ್ಟು! ಆ ಲೆಕ್ಕ ಹಾಕಿದ ದಿನ ನಾನು ಬಹಳ ಹೊತ್ತು ಕೃಷ್ಣೆಯ ಬಗ್ಗೆಯೇ ಯೋಚನೆ ಮಾಡಿದೆ. ಅಲ್ಲಿ ಜನ ಆ ನೀರನ್ನು ದುಡ್ಡು ಕೊಟ್ಟು ಮೇಲಿನಿಂದ ನೋಡುತ್ತಾರೆ. ನಮ್ಮಲ್ಲಿ ಆ ವರ್ಷ ಹೆಲಿಕಾಪ್ಟರ್ ಹಾರಿದ್ದು ನೀರಿನಲ್ಲಿ ಸಿಕ್ಕವರನ್ನು ಎತ್ತಲಿಕ್ಕೆ.

ಅಪ್ಪನವರಿಗೆ ಈ ಕ್ಯೂಸೆಕ್ ಲೆಕ್ಕ ಹೇಳಿ ಕರೆದುಕೊಂಡು ಹೋಗಿ. ನೋಡುವ ಕಣ್ಣೇ ಬೇರೆ ಆಗುತ್ತದೆ.

ವಿಜಯಪುರದಿಂದ

ನಾನು ವೈದ್ಯೆ. ಮನೆಯವರ ಜೊತೆ ಈ ಹಾರಾಟ ಮಾಡಿದ್ದೇನೆ.

ಬಿಪಿ ಹಿಡಿತದಲ್ಲಿದ್ದು, ವಿಮಾನದಲ್ಲಿ ಅಷ್ಟು ದೂರ ಹೋಗಲು ಅವರ ಡಾಕ್ಟರು ಒಪ್ಪಿದ್ದರೆ ಈ 12 ನಿಮಿಷ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ದೊಡ್ಡ ವಿಮಾನದ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಷ್ಟು ಇರುತ್ತದೆ. ಈ ಹೆಲಿಕಾಪ್ಟರ್ ಅದಕ್ಕಿಂತ ಎಷ್ಟೋ ಕೆಳಗೆ ಹಾರುತ್ತದೆ. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರು, ಆಪರೇಷನ್ ಆದವರು, ಬಿಪಿ ಏರಿಳಿತ ಇರುವವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ಹತ್ತಬಾರದು. ಬಿಪಿ ಮಾತ್ರೆ ಆ ದಿನವೂ ತಪ್ಪಿಸಬೇಡಿ.

ಅವ್ವನವರ ವಿಷಯಕ್ಕೆ ಬರೋಣ. ಘಾಟಿನಲ್ಲಿ ವಾಂತಿ ಆಗುವುದು ಯಾಕೆ ಅಂದರೆ ದೇಹ ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಕಣ್ಣಿಗೆ ಮಾತ್ರ ಮುಂದಿನ ಸೀಟು ಅಲುಗದೆ ನಿಂತಂತೆ ಕಾಣುತ್ತದೆ. ಎರಡಕ್ಕೂ ತಾಳೆ ಬೀಳದಿದ್ದರೆ ಹೊಟ್ಟೆ ತೊಳಸುತ್ತದೆ. ಹೆಲಿಕಾಪ್ಟರ್ ಏರುವುದು, ಇಳಿಯುವುದು ಮೆತ್ತಗೆ. ಜಲಪಾತದ ಮೇಲೆ ವಾಲಿ ತಿರುಗುವಾಗ ಮಾತ್ರ ಹುಷಾರಾಗಿರಬೇಕು. ಆಗ ನೇರ ಕೆಳಗೆ ನೋಡದೆ ದೂರಕ್ಕೆ, ಆಕಾಶ-ನೆಲ ಕೂಡುವ ಗೆರೆ ನೋಡಲು ಹೇಳಿ. ಮೊಬೈಲ್ ಅವರ ಕೈಗೆ ಕೊಡಬೇಡಿ. ಆ ಪರದೆ ನೋಡುತ್ತ ಕೂತರೆ ತೊಳಸುವುದು ಜಾಸ್ತಿ ಆಗುತ್ತದೆ. ಹೊಟ್ಟೆ ಖಾಲಿಯೂ ಬೇಡ, ಭಾರವೂ ಬೇಡ. ಎರಡು ಇಡ್ಲಿಯಷ್ಟು ತಿಂದು ಒಂದು ಗಂಟೆ ಬಿಟ್ಟು ಹತ್ತಲಿ.

ವಾಂತಿ ತಡೆಯುವ ಮಾತ್ರೆ ಕೊಡುವುದಾದರೆ ಅರ್ಧ-ಒಂದು ಗಂಟೆ ಮೊದಲೇ ಕೊಡಬೇಕು. ಅವುಗಳಿಂದ ನಿದ್ದೆ ಬರುತ್ತದೆ. ಕಣ್ಣಿನ ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ತೊಂದರೆ ಇದ್ದ ಗಂಡಸರಿಗೆ ಕೆಲವು ಮಾತ್ರೆ ಆಗುವುದಿಲ್ಲ. ಊರಿನಲ್ಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಒಂದು ಸಲ ಇಲ್ಲೇ ತೆಗೆದುಕೊಂಡು ಹೇಗೆ ಆಗುತ್ತದೆ ಎಂದು ನೋಡುವುದು ಒಳ್ಳೆಯದು. ಚೋರ್ಲಾ ಘಾಟೇ ಇದೆಯಲ್ಲ.

ಅಥಣಿಯಿಂದ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನಾವು ಒಬ್ಬ ಏಜೆಂಟ್ ಮೂಲಕ ಬಸ್ಸು, ಊಟ, ಹೆಲಿಕಾಪ್ಟರ್ ಎಲ್ಲ ಸೇರಿಸಿ ಬುಕ್ ಮಾಡಿದೆವು. ಆ ದಿನ ಬೆಳಿಗ್ಗೆಯಿಂದ ಮೋಡ ಕೆಳಗೆ ಇಳಿದಿತ್ತು. ಹಾರಿಸಲಿಲ್ಲ, ಅದು ಸರಿಯಾದದ್ದೇ. ಆದರೆ ದುಡ್ಡು ವಾಪಸ್ ಕೇಳಿದಾಗ ಏಜೆಂಟ್ ಕೈ ಎತ್ತಿಬಿಟ್ಟ. ನಾಲ್ಕು ಜನರ ದುಡ್ಡು ಹೋಯಿತು. ಮಂಜು, ತಗ್ಗಿನ ಮೋಡ, ಸಿಡಿಲು ಇದ್ದರೆ ಹಾರುವುದಿಲ್ಲ. ಹವಾಮಾನದಿಂದ ರದ್ದಾದರೆ ಪೂರ್ತಿ ದುಡ್ಡು ವಾಪಸ್ ಎಂದು ಬರವಣಿಗೆಯಲ್ಲಿ ಇದ್ದರೆ ಮಾತ್ರ ಮುಂಗಡ ಕೊಡಿ. ನಿಮ್ಮ ಅಕ್ಕ ಅಲ್ಲೇ ಇದ್ದಾರೆ, ಆಕಾಶ ನೋಡಿಕೊಂಡು ಅದೇ ದಿನ ನಿರ್ಧಾರ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು. ಹಿರಿಯರಿಗೆ ಮಾಡಿಸಿದ ಪ್ರಯಾಣ ವಿಮೆಯಲ್ಲಿ ಹೆಲಿಕಾಪ್ಟರ್ ಸುತ್ತಾಟ ಸೇರಿದೆಯಾ ಎಂದೂ ಓದಿ ನೋಡಿ.

ಬೆಳಗಾವಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಓದಿ ಅಕ್ಕನಿಗೆ ಕಳಿಸಿದೆ. ಹೇಳದೆ ಕರೆದುಕೊಂಡು ಹೋಗುವುದು ಬೇಡ ಎಂದು ಅವಳೂ ಒಪ್ಪಿದಳು. ಇನ್ನೆರಡು ಪ್ರಶ್ನೆ. ಕಿಟಕಿ ಸೀಟು ನಾವು ಕೇಳಿ ಪಡೆಯಬಹುದಾ? ಅವ್ವ ಇಳಕಲ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ, ಅಪ್ಪನದು ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ಹೆಲಿಕಾಪ್ಟರ್ ಹತ್ತಲು ಇದು ನಡೆಯುತ್ತದಾ?

ಚಿಕ್ಕೋಡಿಯಿಂದ

ನಡೆಯುತ್ತದೆ ಅಣ್ಣಾ. ನಮ್ಮ ಅಜ್ಜಿ ಸೀರೆಯಲ್ಲೇ ಹತ್ತಿದ್ದರು. ರೆಕ್ಕೆ ತಿರುಗುತ್ತಿರುವಾಗಲೇ ಹತ್ತಿಸುತ್ತಾರೆ, ಗಾಳಿ ಜೋರಾಗಿ ಬೀಸುತ್ತದೆ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಪಿನ್ ಹಾಕಿ. ಅಪ್ಪನವರು ಟೋಪಿಯನ್ನು ತಲೆಯ ಮೇಲಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಲಿ. ಟೋಪಿಯೋ ಚೀಲವೋ ಹಾರಿ ಹೋದರೆ ಹಿಂದೆ ಓಡಬಾರದು. ಹೆಲಿಕಾಪ್ಟರಿನ ಬಾಲದ ಕಡೆ ಇನ್ನೊಂದು ಸಣ್ಣ ರೆಕ್ಕೆ ತಿರುಗುತ್ತಿರುತ್ತದೆ. ಜೋರಾಗಿ ತಿರುಗುವಾಗ ಅದು ಕಣ್ಣಿಗೇ ಕಾಣಿಸುವುದಿಲ್ಲ. ಸಿಬ್ಬಂದಿ ಕರೆದ ದಾರಿಯಲ್ಲೇ ನಡೆಯಬೇಕು, ಇದನ್ನು ಇಬ್ಬರಿಗೂ ಎರಡೆರಡು ಸಲ ಹೇಳಿ.

ಸೀಟು ನಮ್ಮ ಇಷ್ಟ ಅಲ್ಲ. ತೂಕ ಸರಿದೂಗಿಸಿ ಅವರೇ ಕೂರಿಸುತ್ತಾರೆ. ನಮ್ಮದರಲ್ಲಿ ಪೈಲಟ್ ಪಕ್ಕ ಒಂದು ಸೀಟು, ಹಿಂದೆ ಎದುರುಬದುರು ಸೀಟುಗಳು ಇದ್ದವು. ನಡುವೆ ಕೂತ ನಮ್ಮಣ್ಣನಿಗೆ ಅರ್ಧವೇ ಕಂಡಿತು. ಅವ್ವನವರಿಗೆ ತೊಳಸುತ್ತದೆ, ಮುಂದಕ್ಕೆ ಮುಖ ಮಾಡಿ ಕೂರುವ ಕಿಟಕಿ ಸೀಟು ಸಾಧ್ಯವಾ ಎಂದು ತೂಕ ಮಾಡುವ ಕಡೆಯೇ ಕೇಳಿ. ಸಿಗಲೇಬೇಕು ಅಂತಿಲ್ಲ, ಆದರೆ ಕೇಳಿದ್ದಕ್ಕೆ ಅಜ್ಜಿಗೆ ಕೊಟ್ಟರು.

ಬಿಳಿ ಅಂಗಿ ಗಾಜಿನಲ್ಲಿ ಪ್ರತಿಬಿಂಬ ಆಗಿ ಫೋಟೋದಲ್ಲಿ ಮೂಡುತ್ತದೆ. ಫೋಟೋ ತೆಗೆಯುವವರು ಕಪ್ಪು ಬಟ್ಟೆ ಹಾಕಿ. ಆದರೂ ನನ್ನ ಮಾತು ಕೇಳುವುದಾದರೆ ಎರಡು ಫೋಟೋ ಸಾಕು. ನಾನು 12ರಲ್ಲಿ 8 ನಿಮಿಷ ಮೊಬೈಲ್ ಹಿಡಿದೇ ಕಳೆದೆ. ಅಜ್ಜಿಯ ಮುಖ ನೋಡಲೇ ಇಲ್ಲ ಎಂಬ ನೋವು ಉಳಿದಿದೆ.

ಜಮಖಂಡಿಯಿಂದ

ಕೆಲಸದ ಮೇಲೆ ಜಾಂಬಿಯಾದಲ್ಲಿದ್ದೆ. ಅಲ್ಲಿ ವಿಕ್ಟೋರಿಯಾ ಜಲಪಾತದ ಮೇಲೆ ಹೆಲಿಕಾಪ್ಟರಿನಲ್ಲಿ ಹೋಗಿದ್ದೇನೆ. ಅದು 1,708 ಮೀಟರ್ ಅಗಲ, 108 ಮೀಟರ್ ಎತ್ತರ. ನೀರು ಬೀಳುವುದು ಒಂದು ಇಕ್ಕಟ್ಟಾದ ಸೀಳಿನೊಳಗೆ. ಏಪ್ರಿಲ್ ಹೊತ್ತಿಗೆ ನೀರು ತುಂಬಿದಾಗ ಎದುರು ನಿಂತರೆ ಬರೀ ಬಿಳಿ ಹೊಗೆ, ಮುಂದೇನೂ ಕಾಣದು. ಅಲ್ಲಿನವರು ಅದನ್ನು ಮೋಸಿ-ಓವಾ-ತುನ್ಯಾ ಅನ್ನುತ್ತಾರೆ, ಗುಡುಗುವ ಹೊಗೆ ಎಂದು ಅರ್ಥ. ಅಲ್ಲಿ ಮೇಲೆ ಹೋಗದೆ ಜಲಪಾತದ ಆಕಾರವೇ ತಿಳಿಯುವುದಿಲ್ಲ. ನಯಾಗರಾ ಹಾಗಲ್ಲ. ಕೆನಡಾ ಕಡೆಯ ದಂಡೆಯಲ್ಲಿ ನಡೆದರೆ ಒಂದು ಪೈಸೆ ಇಲ್ಲದೆ ಎಲ್ಲ ಎದುರಿಗೇ ಕಾಣುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ ಇರುವುದರಿಂದ ಕಾಮನಬಿಲ್ಲೂ ಕಾಣುತ್ತದೆ. ಹಾಗಾಗಿ ಅವ್ವನವರು ಬೇಡ ಅಂದರೆ ಒತ್ತಾಯ ಮಾಡಬೇಡಿ. ಜಲಪಾತದ ಹಿಂದಿನ ಸುರಂಗಕ್ಕೆ ಲಿಫ್ಟಿನಲ್ಲಿ ಇಳಿಸುತ್ತಾರೆ, ಅದನ್ನು ತೋರಿಸಿ. ಬೀಳುವ ನೀರಿನ ಹಿಂದೆಯೇ ನಿಲ್ಲಬಹುದು.

ಬೆಳಗಾವಿಯಿಂದ, ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಊಟ ಆದ ಮೇಲೆ ಇಬ್ಬರಿಗೂ ಎಲ್ಲ ಹೇಳಿದೆ. ಹಾಳೆಯ ಮೇಲೆ ನದಿ ಬರೆದು ತೋರಿಸಿದೆ. ಅಪ್ಪ 1 ಲಕ್ಷ ಕ್ಯೂಸೆಕ್ ಅಂದ ಕೂಡಲೇ ಎದ್ದು ಕೂತರು. ಹಿಡಕಲ್ ಡ್ಯಾಮಿನಿಂದ ಎಷ್ಟು ಬಿಡುತ್ತಾರೆ ಎಂದು ಅರ್ಧ ಗಂಟೆ ಅದೇ ಮಾತು. ಅವ್ವ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ "ದೋಣಿ ಮೊದಲು ಆಗಲಿ. ಅಲ್ಲಿ ನಿಂತು ಹೆಲಿಕಾಪ್ಟರ್ ಹಾರೋದು ನೋಡಿ ಆಮೇಲೆ ಹೇಳ್ತೀನಿ" ಎಂದರು. ಹಾಗೇ ಮಾಡುತ್ತೇವೆ. ಮುಂಗಡ ಬುಕ್ ಮಾಡುತ್ತಿಲ್ಲ. ಮಾತ್ರೆ ಬರೆಸಿಕೊಳ್ಳಲು ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.

ಗೋಕಾಕದ ಅಕ್ಕಾ, ಆಗಸ್ಟ್ ಮೊದಲ ವಾರ ವಾಪಸ್ ಬರುತ್ತೇವೆ. ಆಗ ನಿಮ್ಮಲ್ಲಿ ನೀರು ಚೆನ್ನಾಗಿ ಇರುತ್ತದಾ? ಅಲ್ಲಿಂದ ಬಂದ ಕೂಡಲೇ ನಮ್ಮ ಲಾಳವನ್ನೂ ನೋಡಬೇಕಂತೆ ಅಪ್ಪ.

ಗೋಕಾಕದಿಂದ

ಮಳೆ ಸರಿಯಾಗಿ ಹಿಡಿದರೆ ಆಗ ತುಂಬಿ ಬೀಳುತ್ತದೆ ತಮ್ಮಾ. ನೀರು ಕೆಂಪಗಿರುತ್ತದೆ. ಬಂಡೆ ಜಾರುತ್ತದೆ, ಅವ್ವ-ಅಪ್ಪನನ್ನು ಅಂಚಿಗೆ ಬಿಡಬೇಡಿ. ಹೊರಡುವ ಮುಂಚೆ ಇಲ್ಲೇ ಒಂದು ಮಾತು ಬರೆಯಿರಿ, ಎಷ್ಟು ನೀರಿದೆ ಎಂದು ನೋಡಿ ಹೇಳುತ್ತೇನೆ. ಊಟಕ್ಕೆ ನಮ್ಮ ಮನೆಗೇ ಬನ್ನಿ, ಅತ್ತೆಯವರಿಗೂ ನಿಮ್ಮ ಅವ್ವನ ಹತ್ತಿರ ಮಾತಾಡಬೇಕಂತೆ.